ಪಾರ್ಕಿಂಗ್ ಜಾಗದ ಪ್ರತಾಪಗಡ

ಡೊಂಬಿವಲಿಯ ಮಕ್ಕಳಿಗೆ ದೀಪಾವಳಿಯಲ್ಲಿ ಪಟಾಕಿಗಿಂತ ಮೊದಲು ಬೇಕಾಗುವುದು ಮಣ್ಣು. ಕೆಮ್ಮಣ್ಣು, ಒಡೆದ ಇಟ್ಟಿಗೆ, ಕಲ್ಲು, ಹಳೆಯ ಗೋಣಿಚೀಲ ಎಲ್ಲಿ ಸಿಕ್ಕುತ್ತವೆಂದು ಅರ್ಧವಾರ್ಷಿಕ ಪರೀಕ್ಷೆ ಮುಗಿಯುವ ಮೊದಲೇ ಹುಡುಕಾಟ ಶುರು. ಹಬ್ಬದ ಮೊದಲ ದಿನವಾದ ವಸುಬಾರಸಿನ ಹೊತ್ತಿಗೆ ಸೊಸೈಟಿಗಳ ಅಂಗಳದಲ್ಲಿ, ಚಾಳಿನ ಮುಂದೆ, ಜಾಗವಿಲ್ಲದಿದ್ದರೆ ಬಾಲ್ಕನಿಯಲ್ಲಿ ಮಣ್ಣಿನ ಕಿಲ್ಲಾಗಳು, ಅಂದರೆ ಪುಟ್ಟ ಕೋಟೆಗಳು, ಎದ್ದು ನಿಲ್ಲುತ್ತವೆ. ಠಾಣೆ, ಕಲ್ಯಾಣ, ಪುಣೆ ಎಲ್ಲ ಕಡೆಯೂ ಇದೇ ರೂಢಿ.

ನಾನು ವಿಜಯಪುರದವಳು, ಮದುವೆಯಾಗಿ ಇಲ್ಲಿಗೆ ಬಂದವಳು. ನಮ್ಮ ಕಡೆ ದೀಪಾವಳಿಗೆ ಸಗಣಿಯ ಪಾಂಡವರನ್ನು ಮಾಡಿ ಹೊಸ್ತಿಲ ಬಳಿ ಕೂರಿಸುತ್ತೇವೆ. ಇಲ್ಲಿ ಮಣ್ಣಿನಲ್ಲಿ ಯುದ್ಧವೇ ಹುಟ್ಟುತ್ತದೆ. ಸೊಸೈಟಿಯ ಮಕ್ಕಳು ನನ್ನನ್ನು 'ಕಾಕು' ಎನ್ನುತ್ತಾರೆ. ಅವರ ಕಿಲ್ಲಾಕ್ಕೆ ಮಣ್ಣು ಕಲಸಿಕೊಡುವುದು ನನಗೆ ಹಬ್ಬದ ಎಲ್ಲ ಕೆಲಸಗಳಿಗಿಂತ ಪ್ರಿಯ.

ಕಟ್ಟುವ ಬಗೆ ಹೀಗೆ. ಇಟ್ಟಿಗೆ, ಕಲ್ಲುಗಳನ್ನು ಪೇರಿಸಿ ಗುಡ್ಡದ ಅಂದಾಜು ಆಕಾರ ತರಬೇಕು. ಗೋಣಿಚೀಲವನ್ನು ಕೆಸರು ನೀರಿನಲ್ಲಿ ಅದ್ದಿ ಅದರ ಮೇಲೆ ಹೊದಿಸಿದರೆ ಮಡಿಕೆಗಳೇ ಕಣಿವೆಗಳಾಗುತ್ತವೆ. ಮೇಲೆ ಮೆತ್ತನೆಯ ಮಣ್ಣು ಸವರಿ ಬುರುಜು, ದರವಾಜೆ, ಮೆಟ್ಟಿಲು ತಿದ್ದುತ್ತಾರೆ. ಸಾಸಿವೆ, ಅಳವಿ ಬೀಜ ಎರಚಿ ನಾಲ್ಕಾರು ದಿನ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಇಳಿಜಾರೆಲ್ಲ ಹಸಿರು. ಪೇಟೆಯಿಂದ ತಂದ ಬಣ್ಣದ ಮಾವಳೆ (ಶಿವಾಜಿಯ ಸೈನಿಕರ) ಬೊಂಬೆಗಳು ಕೋಟೆಗೋಡೆಯ ಮೇಲೆ ಕಾವಲು ನಿಲ್ಲುತ್ತವೆ, ತುತ್ತತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು. ಕೆಳಗೆ ಹೊಲ, ಬಾವಿ, ಗುಹೆಯೊಳಗೆ ಒಂದು ಹುಲಿ ಇರಲೇಬೇಕು.

ಕಟ್ಟಿ ಮುಗಿದ ಮೇಲೆ ಬಹುಮಾನಕ್ಕೆ ಆರಿಸಲು ಬರುವ ತೀರ್ಪುಗಾರರ ಮುಂದೆ ಮಕ್ಕಳು ಕಡ್ಡಿ ಹಿಡಿದು ನಿಂತು ಕೋಟೆಯನ್ನು ಬಿಡಿಸಿ ಹೇಳುತ್ತಾರೆ. ಶತ್ರು ಎಲ್ಲಿಂದ ಬಂದ, ನೀರು ಎಲ್ಲಿತ್ತು, ಚೋರ ದರವಾಜೆ (ಗುಪ್ತ ಬಾಗಿಲು) ಯಾವ ಕಡೆಗೆ ತೆರೆಯುತ್ತದೆ. ಕುದುರೆ ಏರಿ, ಕತ್ತಿ ಬೀಸಿ ಮಾಡುವ ಯುದ್ಧದ ರೂಪಕಗಳನ್ನು ನಾನು ಕಂಡಿದ್ದೇನೆ. ಗುಡಿಪಾಡವಾದ ದಿನ ಡೊಂಬಿವಲಿಯಲ್ಲಿ ಹೊರಡುವ ಶೋಭಾಯಾತ್ರೆಯಲ್ಲಿ (1999ರಲ್ಲಿ ಗಣೇಶ ಮಂದಿರದವರು ಆರಂಭಿಸಿದ್ದು) ಹುಡುಗಿಯರು ದಾಂಡಪಟ್ಟಾ ಕತ್ತಿ ತಿರುಗಿಸುವುದನ್ನು ನೋಡಿ ಮೈ ನವಿರೇಳುತ್ತದೆ. ಆದರೂ ಯುದ್ಧ ಯಾಕೆ ಹಾಗೆ ನಡೆಯಿತು ಎಂದು ತಿಳಿಯುವುದು ಈ ಕಿಲ್ಲಾದ ಮುಂದೆ ಕುಕ್ಕರಗಾಲಲ್ಲಿ ಕೂತಾಗಲೇ.

2025ರ ಜುಲೈಯಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹನ್ನೊಂದು ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ಆ ವರ್ಷದ ದೀಪಾವಳಿಗೆ ಆ ಪಟ್ಟಿ ಹಿಡಿದು ಬಂದ ಮಕ್ಕಳು ಆರಿಸಿದ್ದು ಪ್ರತಾಪಗಡ. ಬರಿಯ ಕೋಟೆ ಸಾಲದು, 1659ರ ನವೆಂಬರ್ 10ರ ಯುದ್ಧವೇ ಬೇಕು ಎಂದರು.

ಆದಿಲಶಾಹಿಯ ದೊಡ್ಡ ಸರದಾರ ಅಫಜಲಖಾನ ಶಿವಾಜಿಯನ್ನು ಹಿಡಿದು ತರುವೆನೆಂದು ಹೊರಟು ವಾಯಿಗೆ ಬಂದು ಬೀಡುಬಿಟ್ಟಿದ್ದ. ಬಯಲಿನಲ್ಲಿ ಅವನ ಕುದುರೆ ಸೈನ್ಯವನ್ನು ಎದುರಿಸುವುದು ಕಷ್ಟ. ಆದ್ದರಿಂದ ಶಿವಾಜಿ ಅವನನ್ನು ಪ್ರತಾಪಗಡವಿರುವ ಜಾವಳಿಯ ದಟ್ಟ ಕಾಡಿಗೆ ಬರುವಂತೆ ಮಾಡಿದ. ಕೋಟೆಯ ಬುಡದ ಶಾಮಿಯಾನದಲ್ಲಿ ಭೇಟಿ ನಡೆದು ಖಾನ ಹತನಾದ. ಕೋಟೆಯಿಂದ ತೋಪಿನ ಸದ್ದಾದೊಡನೆ ಕಾಡಿನಲ್ಲಿ ಅಡಗಿದ್ದ ಮಾವಳೆಯವರು ಕೆಳಗಿನ ಸೈನ್ಯದ ಮೇಲೆ ಬಿದ್ದರು. ಕಣಿವೆಯಲ್ಲಿ ಕುದುರೆ ತಿರುಗಿಸಲೂ ಎಡೆಯಿರಲಿಲ್ಲ. ಗೋಣಿಚೀಲದ ಮಡಿಕೆಯಲ್ಲಿ ಬೊಂಬೆ ಕುದುರೆಗಳನ್ನು ಸಾಲಾಗಿ ಇಡಲು ಹೋದ ಏಳನೆಯ ಇಯತ್ತೆಯ ಹುಡುಗಿ, "ಕಾಕು, ಇಲ್ಲಿ ಎರಡು ಕುದುರೆಯೂ ಒಟ್ಟಿಗೆ ನಿಲ್ಲೋದಿಲ್ಲ" ಎಂದಳು. ಪುಸ್ತಕದ ಒಂದು ಪುಟ ಅವಳಿಗೆ ಆ ಕ್ಷಣದಲ್ಲಿ ಅರ್ಥವಾಯಿತು.

ಮಕ್ಕಳ ನಿಷ್ಠೆ ದೊಡ್ಡದು. ಕೋಟೆಯ ಮೇಲೆ ಭವಾನಿಯ ಗುಡಿ ಕಟ್ಟಿದ್ದರು. ಗುಡಿ ಆದದ್ದು 1661ರಲ್ಲಿ, ಯುದ್ಧದ ನಂತರ ಎಂದು ಯಾರೋ ಓದಿ ಹೇಳಿದರು. ಸಂಜೆಯೊಳಗೆ ಗುಡಿ ಹೋಗಿ ಅಲ್ಲಿ ತೋಪು ಬಂತು. ಶಿವಾಜಿ ಖಾನನ ಮೇಲೆ ಬಳಸಿದನೆನ್ನುವ ವ್ಯಾಘ್ರನಖದ ಮಾತೂ ಬಂತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಿಂದ 2024ರಲ್ಲಿ ಸಾತಾರಾಕ್ಕೆ ತಂದ ವ್ಯಾಘ್ರನಖವನ್ನು ನೋಡಿ ಬಂದಿದ್ದ ಹುಡುಗನೊಬ್ಬ, ಅದೇ ಆ ದಿನದ್ದು ಎಂದು ಖಾತ್ರಿಪಡಿಸಲಾಗದೆಂದು ಮ್ಯೂಸಿಯಂನವರೇ ಹೇಳಿದ್ದನ್ನೂ ಬಿಡದೆ ತಿಳಿಸಿದ.

ಆಮೇಲೆ ಕೇಳಿದರು: "ಖಾನ ಎಲ್ಲಿಂದ ಬಂದ, ಕಾಕು?"

"ನಮ್ಮೂರಿಂದ" ಎಂದೆ.

ವಿಜಯಪುರದ ಹೊರಗೆ ಸಾಠ್ ಕಬರ್ ಎಂಬ ಜಾಗವಿದೆ. ಒಂದೇ ಬಗೆಯ ಕರಿಕಲ್ಲಿನ ಗೋರಿಗಳು, ಅರವತ್ತಕ್ಕೂ ಹೆಚ್ಚು, ಸಾಲಾಗಿ ಮಲಗಿವೆ. ದಂಡಯಾತ್ರೆಯಿಂದ ನೀನು ಮರಳಿ ಬರುವುದಿಲ್ಲ ಎಂದು ಜೋತಿಷಿ ಹೇಳಿದನಂತೆ, ತಾನು ಸತ್ತ ಮೇಲೆ ಬೇರೆಯವರ ಕೈಸೇರಬಾರದೆಂದು ಖಾನ ತನ್ನ ಹೆಂಡಂದಿರನ್ನೆಲ್ಲ ಬಾವಿಗೆ ತಳ್ಳಿಸಿದನಂತೆ. ಊರಲ್ಲಿ ನಾವು ಕೇಳಿ ಬೆಳೆದ ಕತೆ ಇದು. ದಾಖಲೆ ಏನೇ ಇರಲಿ, ಗೋರಿಗಳು ಕಣ್ಣೆದುರಿಗಿವೆ. ಖಾನ ಬದುಕಿದ್ದಾಗಲೇ ತನಗಾಗಿ ಕಟ್ಟಿಸಲು ತೊಡಗಿದ ಗೋರಿಯೂ ಅಲ್ಲೇ ಸನಿಹದಲ್ಲಿದೆ. ಅವನು ಮಣ್ಣಾದದ್ದು ಮಾತ್ರ ಪ್ರತಾಪಗಡದ ಬುಡದಲ್ಲಿ, ಶಿವಾಜಿ ಅಲ್ಲಿ ಮರ್ಯಾದೆಯಿಂದ ಹೂಳಿಸಿದ.

ಮಕ್ಕಳು ಸುಮ್ಮನೆ ಕೂರಲಿಲ್ಲ. ಪಾರ್ಕಿಂಗಿನ ಆ ತುದಿಯಿಂದ ಕಿಲ್ಲಾದವರೆಗೆ ರಂಗೋಲಿಯಲ್ಲಿ ದಾರಿ ಎಳೆದರು. ವಿಜಯಪುರ, ತುಳಜಾಪುರ, ಪಂಢರಪುರ, ವಾಯಿ, ಜಾವಳಿ. ವಿಜಯಪುರದ ತುದಿಯಲ್ಲಿ ಕರಿಯ ಜಲ್ಲಿಕಲ್ಲುಗಳನ್ನು ಸಾಲಾಗಿ ಇಟ್ಟರು. ಸೊಸೈಟಿಯ ಹಿರಿಯರೊಬ್ಬರಿಗೆ ಇದು ಸರಿಕಾಣಲಿಲ್ಲ. ಮಹಾರಾಜರ ಕಿಲ್ಲಾದ ಮುಂದೆ ಖಾನನ ಮನೆಯ ಗೋರಿ ಯಾಕೆ ಎಂದರು. ನಾನು ಉತ್ತರ ಕೊಡುವ ಮೊದಲೇ ಏಳನೆಯ ಇಯತ್ತೆಯ ಆ ಹುಡುಗಿ, "ಅಜೋಬಾ, ಅವನು ಎಷ್ಟು ಭಯಂಕರ ಅಂತ ತಿಳಿಯದಿದ್ದರೆ ಮಹಾರಾಜರು ಮಾಡಿದ್ದು ಎಷ್ಟು ದೊಡ್ಡದು ಅಂತ ಹೇಗೆ ತಿಳೀತದೆ?" ಎಂದಳು.

ನನಗೂ ಹೇಳಬೇಕಾದದ್ದು ಇದೇ. ಎದುರಾಳಿಯನ್ನು ಬರೀ ಬಣ್ಣ ಬಳಿದ ರಾಕ್ಷಸನನ್ನಾಗಿಸಿದರೆ ಗೆದ್ದವನೂ ಚಿಕ್ಕವನಾಗುತ್ತಾನೆ. ಅಂದಿನ ಯುದ್ಧ ಇಂದಿನವರ ಹಿಂದೂ-ಮುಸ್ಲಿಂ ಜಗಳದ ಗೆರೆಯ ಮೇಲೆ ನಡೆದದ್ದೂ ಅಲ್ಲ. ಶಿವಾಜಿಯ ಅಂಗರಕ್ಷಕರಲ್ಲಿ ಸಿದ್ದಿ ಇಬ್ರಾಹಿಂ ಇದ್ದ. ಖಾನನ ವಕೀಲ, ಅಂದರೆ ದೂತ, ಕೃಷ್ಣಾಜಿ ಭಾಸ್ಕರ. ಖಂಡೋಜಿ ಖೋಪಡೆಯಂಥ ಮರಾಠಾ ದೇಶಮುಖರು ಖಾನನ ಜೊತೆಗಿದ್ದರು. ಬೊಂಬೆಗಳನ್ನು ಎರಡು ಪಾಳಯಕ್ಕೆ ಹಂಚುವಾಗ ಮಕ್ಕಳಿಗೆ ಇದು ತೊಡಕಾಯಿತು, ತೊಡಕಾಗಲೇಬೇಕು.

ಯುದ್ಧದ ನೆಲ ನೋಡಲು ದೂರ ಹೋಗಬೇಕಿಲ್ಲ. ಭಾವುಬೀಜದ ಮಾರನೆ ದಿನ ಅವರನ್ನು ಕಲ್ಯಾಣದ ದುರ್ಗಾಡಿ ಕೋಟೆಗೆ ಕರೆದೊಯ್ದೆ. 1657ರ ಅಕ್ಟೋಬರ್ 24ರಂದು ಕಲ್ಯಾಣ, ಭಿವಂಡಿ ಶಿವಾಜಿಯ ಕೈಸೇರಿದವು. ಅಂದು ವಸುಬಾರಸ್ ಎಂದು ಇಲ್ಲಿಯವರು ನೆನೆಯುತ್ತಾರೆ. ಮರಾಠರ ನೌಕಾಪಡೆಯ ಮೊದಲ ಹಡಗುಗಳು ತಯಾರಾದದ್ದು ಕೋಟೆಯ ಕೆಳಗಿನ ಖಾಡಿಯಲ್ಲಿ, ಪೋರ್ಚುಗೀಸ್ ಕುಶಲಿಗರ ನೆರವಿನಿಂದ. ಈಗ ಉಳಿದದ್ದು ದೇವಿಯ ಗುಡಿ, ಕೆಲವು ಬುರುಜು, ಕೆಳಗೆ ಕದಡಿದ ನೀರು. ನೌಕಾಪಡೆಯಿಂದ ನಿವೃತ್ತವಾದ ಟಿ-80 ಹಡಗನ್ನು ಪಾಲಿಕೆ ಈ ದಂಡೆಗೆ ತರಿಸಿದೆ. ಮಕ್ಕಳಿಗೆ ಇತಿಹಾಸದ ಎರಡು ತುದಿ ಒಂದೇ ಕಡೆ ಸಿಕ್ಕಿತು. ಠಾಣೆಯ ಕೋಟೆಯನ್ನು ಮರಾಠರು 1737ರಲ್ಲಿ ಪೋರ್ಚುಗೀಸರಿಂದ ಗೆದ್ದರು. ಅದು ಇಂದು ಸೆಂಟ್ರಲ್ ಜೈಲು, ಹೊರಗಿನಿಂದ ಗೋಡೆ ನೋಡಬೇಕಷ್ಟೆ.

ಮರಳಿ ಬರುವಾಗ ಲೋಕಲ್‌ನಲ್ಲಿ ಅವರಿಗೆ ಬೆಳವಡಿ ಮಲ್ಲಮ್ಮನ ಕತೆ ಹೇಳಿದೆ. ದಕ್ಷಿಣದ ದಂಡಯಾತ್ರೆ ಮುಗಿಸಿ ಮರಳುತ್ತಿದ್ದ ಶಿವಾಜಿಯ ಸೈನ್ಯವನ್ನು ಗಂಡ ಈಶಪ್ರಭು ಬಿದ್ದ ಮೇಲೂ ಆಕೆ ತನ್ನ ಹೆಂಗಸರ ಕುದುರೆಪಡೆಯೊಡನೆ 27 ದಿನ ತಡೆದಳೆಂದು ನಮ್ಮ ಕಡೆ ಹೇಳುತ್ತಾರೆ. ಮಹಾರಾಜರು ಅವಳನ್ನು ಗೌರವದಿಂದ ಕಂಡರೆಂಬ ನೆನಪಿಗೆ ಧಾರವಾಡ ತಾಲೂಕಿನ ಯಾದವಾಡದಲ್ಲಿ ಕೆತ್ತಿದ ಕಲ್ಲಿದೆ. ಮಕ್ಕಳು ಬಹಳ ಹೊತ್ತು ಪ್ರಶ್ನೆ ಕೇಳಿದರು. ಈ ಬಾರಿ ಮಹಾರಾಜರ ಸೈನ್ಯವೇ ಕೋಟೆಯ ಹೊರಗೆ!

ಡೊಂಬಿವಲಿ ಸ್ಟೇಷನ್ ಬರುವಷ್ಟರಲ್ಲಿ ಮುಂದಿನ ವರ್ಷ ಬೆಳವಡಿಯನ್ನೇ ಕಟ್ಟುವುದೆಂದು ತೀರ್ಮಾನವಾಗಿತ್ತು. ಗುಡ್ಡ ಬೇಡ, ಇಟ್ಟಿಗೆ ಕಡಿಮೆ ಸಾಕು, ಆದರೆ ಕರಿಮಣ್ಣು ಬೇಕು. ಬೇಸಿಗೆಗೆ ಊರಿಗೆ ಹೋದಾಗ ಎರಡು ಚೀಲ ತರುವುದು ನನ್ನ ಪಾಲಿಗೆ ಬಂದಿದೆ. ಹೆಂಗಸರ ಕುದುರೆಪಡೆಯ ಬೊಂಬೆಗಳು ಪೇಟೆಯಲ್ಲಿ ಸಿಗುವುದಿಲ್ಲವಾದ್ದರಿಂದ ಅವನ್ನು ತಾವೇ ಮಾಡುತ್ತಾರಂತೆ.