ಪುಟವು ಚಿತ್ರವಾಗುವ ಬಗೆ

ಕಾಲೇಜೊಂದರಲ್ಲಿ ವಿಜ್ಞಾನ ಪ್ರದರ್ಶನ ನಡೆಯಿತೆಂದು ಭಾವಿಸೋಣ. ಭಾಗವಹಿಸಿದ ಎಂಟುನೂರು ವಿದ್ಯಾರ್ಥಿಗಳಿಗೂ ಪ್ರಶಸ್ತಿಪತ್ರ ಕೊಡಬೇಕು. ಪತ್ರದ ಅಂಚು, ಲಾಂಛನ, ಒಕ್ಕಣೆ ಎಲ್ಲವೂ ಒಂದೇ. ಹೆಸರು ಮಾತ್ರ ಬೇರೆ ಬೇರೆ. ಒಂದೊಂದು ಹೆಸರನ್ನೂ ಕೈಯಿಂದಲೇ ಚಿತ್ರದ ಮೇಲೆ ಕೂರಿಸುತ್ತ ಹೋದರೆ ದಿನಗಳು ಹಿಡಿದಾವು. ಇದಕ್ಕೊಂದು ಉಪಾಯವುಂಟು. ಪತ್ರವನ್ನು ಜಾಲಪುಟದ ಭಾಷೆಯಲ್ಲಿ ಒಮ್ಮೆ ಬರೆದು, ಹೆಸರಿನ ಸ್ಥಳವನ್ನು ತೆರವು ಬಿಟ್ಟು, ಪ್ರತಿಯೊಂದು ಹೆಸರನ್ನೂ ತುಂಬಿ ಆ ಪುಟವನ್ನೇ ಚಿತ್ರವಾಗಿಸುವಂತೆ ಕಂಪ್ಯೂಟರಿಗೆ ಅಪ್ಪಣೆ ಕೊಡುವುದೇ ಆ ಉಪಾಯ. ಹಾಗೆ ಮಾಡಿದರೆ ಎಂಟುನೂರು ಪತ್ರಗಳೂ ಕೆಲವು ನಿಮಿಷಗಳಲ್ಲಿ ಸಿದ್ಧವಾಗುತ್ತವೆ.

ಜಾಲಪುಟದ ಭಾಷೆಯೆಂದರೆ ಎಚ್.ಟಿ.ಎಂ.ಎಲ್. ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಇದನ್ನು ೧೯೯೦ರ ಸುಮಾರಿಗೆ ರೂಪಿಸಿದರು. ಇದು ಶೀರ್ಷಿಕೆ, ಇದು ಕಂಡಿಕೆ, ಇಲ್ಲೊಂದು ಚಿತ್ರ ಎಂದು ಗುರುತುಗಳನ್ನು ಹಾಕಿದ ಬರಹವೇ ಹೊರತು ಬೇರೇನೂ ಅಲ್ಲ. ಬಣ್ಣ, ಅಳತೆ, ಅಂಚುಗಳ ವಿವರವನ್ನು ಸಿ.ಎಸ್.ಎಸ್. ಎಂಬ ಇನ್ನೊಂದು ಭಾಷೆ ಹೇಳುತ್ತದೆ. ಅದರ ಮೊದಲ ಆವೃತ್ತಿ ಹೊರಬಂದುದು ೧೯೯೬ರಲ್ಲಿ. ಚಿತ್ರದ ಸ್ವರೂಪವಾದರೋ ಬೇರೆಯೇ. ೧೨೦೦ ಚುಕ್ಕೆ ಅಗಲ, ೮೦೦ ಚುಕ್ಕೆ ಎತ್ತರದ ಪತ್ರದಲ್ಲಿ ೯,೬೦,೦೦೦ ಚುಕ್ಕೆಗಳಿರುತ್ತವೆ. ಪ್ರತಿಯೊಂದರ ಬಣ್ಣವೂ ಇಂಥದೇ ಎಂದು ನಿಶ್ಚಿತವಾಗಿರಬೇಕು. ಬರಹಕ್ಕೂ ಈ ಚುಕ್ಕೆಗಳ ರಾಶಿಗೂ ನಡುವಿನ ಅಂತರ, ಮನೆಯ ನಕ್ಷೆಗೂ ಮನೆಗೂ ಇರುವಂಥದು.

ಈ ಮನೆಯನ್ನು ಕಟ್ಟುವ ಮೇಸ್ತ್ರಿಯೇ ಬ್ರೌಸರ್. ಅದು ಮೊದಲು ಗುರುತುಗಳನ್ನು ಓದಿ, ಯಾವುದರೊಳಗೆ ಯಾವುದು ಅಡಗಿದೆಯೆಂದು ವಂಶವೃಕ್ಷದಂಥ ಒಂದು ರಚನೆಯನ್ನು ಮಾಡಿಕೊಳ್ಳುತ್ತದೆ. ಆ ಮೇಲೆ ಒಂದೊಂದು ಅಂಶದ ಉದ್ದಗಲಗಳನ್ನೂ ಸ್ಥಾನವನ್ನೂ ಲೆಕ್ಕ ಹಾಕಿ, ಕೊನೆಗೆ ಬಣ್ಣ ತುಂಬುತ್ತದೆ. ಸಾಮಾನ್ಯವಾಗಿ ಈ ಫಲವು ನಮ್ಮ ಕಣ್ಣೆದುರಿನ ತೆರೆಗೆ ಬರುತ್ತದೆ. ಆದರೆ ತೆರೆಯೇ ಬೇಕೆಂದೇನಿದೆ? ಫಲವನ್ನು ಸ್ಮೃತಿಯಲ್ಲೇ ಇರಿಸಿ ಕಡತವಾಗಿ ಬರೆದಿಡಬಹುದಲ್ಲವೇ? ೨೦೧೭ರಲ್ಲಿ ಕ್ರೋಮ್ ಬ್ರೌಸರಿಗೆ ಇಂಥ ತೆರೆಯಿಲ್ಲದ ನಡೆ ಒದಗಿತು. ಅದೇ ವರ್ಷ ಗೂಗಲ್ ಸಂಸ್ಥೆಯವರು ಪಪೆಟಿಯರ್ ಎಂಬ ಸಾಧನವನ್ನು ಹೊರತಂದರು. ಸೂತ್ರದ ಗೊಂಬೆಗಳನ್ನು ಆಡಿಸುವವನು ಎಂದು ಆ ಮಾತಿನ ಅರ್ಥ. ಇಲ್ಲಿ ಬ್ರೌಸರೇ ಗೊಂಬೆಯಾದುದರಿಂದ ಹೆಸರು ಬಲು ಚೆನ್ನಾಗಿ ಹೊಂದುತ್ತದೆ. ೨೦೨೦ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯಿಂದ ಪ್ಲೇರೈಟ್ ಬಂದಿತು. ಇದನ್ನು ಪೈಥಾನ್ ಭಾಷೆಯಿಂದಲೂ ನಡೆಸಬಹುದು.

ನಡೆಸುವುದೆಂದರೆ ಹೇಗೆ? ಒಂದು ಪ್ರೋಗ್ರಾಮು ಮತ್ತೊಂದರಿಂದ ಕೆಲಸ ಮಾಡಿಸಿಕೊಳ್ಳಲು ಮೊದಲೇ ಗೊತ್ತುಮಾಡಿಟ್ಟ ಅಪ್ಪಣೆಗಳ ಕಟ್ಟಿಗೆ ಎ.ಪಿ.ಐ. ಎಂದು ಹೆಸರು. ಬ್ರೌಸರನ್ನು ಎಬ್ಬಿಸು, ಹೊಸ ಪುಟ ತೆರೆ, ಈ ಬರಹವನ್ನು ಅದರಲ್ಲಿ ತುಂಬು, ಚಿತ್ರ ತೆಗೆ ಎಂಬ ನಾಲ್ಕು ಅಪ್ಪಣೆಗಳಿಗೆ ಪೈಥಾನಿನಲ್ಲಿ ನಾಲ್ಕೈದು ಸಾಲು ಸಾಕು. ಹೆಸರುಗಳ ಪಟ್ಟಿಯ ಮೇಲೆ ಕೊನೆಯ ಎರಡನ್ನು ಮತ್ತೆ ಮತ್ತೆ ನಡೆಸಿದರಾಯಿತು.

ಇಷ್ಟಕ್ಕೆ ಇಡೀ ಬ್ರೌಸರನ್ನೇ ಏಕೆ ಎಬ್ಬಿಸಬೇಕು, ಚಿತ್ರದ ಮೇಲೆ ಅಕ್ಷರಗಳನ್ನು ನೇರವಾಗಿ ಬರೆಯಬಾರದೇ ಎಂದು ಓದುಗರು ಕೇಳಬಹುದು. ಇಂಗ್ಲಿಷಿನಲ್ಲಾದರೆ ಬರೆಯಬಹುದು. ಕನ್ನಡದ ಸಂಗತಿ ಅಷ್ಟು ಸುಲಭವಲ್ಲ. ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ‘ಕ’ಕಾರದ ಸಂಖ್ಯೆ ೩೨೨೧. ‘ಲಕ್ಷ್ಮಿ’ ಎಂಬ ಹೆಸರು ಕಂಪ್ಯೂಟರಿನೊಳಗೆ ಏಳು ಸಂಖ್ಯೆಗಳ ಸಾಲು: ಲ, ಕ, ವಿರಾಮಚಿಹ್ನೆ, ಷ, ಮತ್ತೆ ವಿರಾಮಚಿಹ್ನೆ, ಮ, ಕಡೆಗೆ ಗುಡಿಸು. ಎಲ್ಲಕ್ಕಿಂತ ಕೊನೆಗೆ ಬಂದ ಗುಡಿಸು ಕಣ್ಣಿಗೆ ಕಾಣುವಾಗ ‘ಕ’ಕಾರದ ತಲೆಯ ಮೇಲೆ ಕೂತಿರುತ್ತದೆ, ಷಕಾರ ಮಕಾರಗಳು ಒತ್ತುಗಳಾಗಿ ಇಳಿಯುತ್ತವೆ. ‘ಸೂರ್ಯ’ದಲ್ಲಿ ಮೊದಲು ಬಂದ ರೇಫವು ಯಕಾರದ ಆಚೆಗೆ ಅರ್ಕಾವೊತ್ತಾಗಿ ಹೋಗಿ ನಿಲ್ಲುತ್ತದೆ. ಈ ಸ್ಥಾನಪಲ್ಲಟವನ್ನೆಲ್ಲ ನಡೆಸಲು ಹಾರ್ಫ್‌ಬಜ಼್ ಎಂಬ ಪ್ರತ್ಯೇಕ ತಂತ್ರಾಂಶವೊಂದಿದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳು ಅದನ್ನು ಒಳಗೊಂಡಿವೆ. ಪೈಥಾನಿನ ಪಿಲ್ಲೋ ಎಂಬ ಚಿತ್ರಸಾಧನವು ತನ್ನ ಸರಳ ಕ್ರಮದಲ್ಲಿ ಅಕ್ಷರಗಳನ್ನು ಒಂದರ ಪಕ್ಕದಲ್ಲೊಂದರಂತೆ ಇಟ್ಟುಬಿಡುತ್ತದೆ. ರಾಕ್ಮ್ ಎಂಬ ಪೂರಕವನ್ನು ಜೋಡಿಸಿದರೆ ಅದೂ ಸರಿಯಾಗಿ ಬರೆದೀತು. ಜೋಡಿಸದಿದ್ದರೆ ಲಕ್ಷ್ಮಿಯ ಪ್ರಶಸ್ತಿಪತ್ರದಲ್ಲಿ ಲಕ್ಷ್ಮಿಯ ಹೆಸರೇ ಒಡೆದು ಚೂರಾಗಿರುತ್ತದೆ. ಹೆಸರು ಕೆಟ್ಟ ಪ್ರಶಸ್ತಿಪತ್ರದಿಂದ ಏನು ಪ್ರಯೋಜನ?

ಬ್ರೌಸರನ್ನು ಬಳಸಿದ ಮಾತ್ರಕ್ಕೆ ಎಲ್ಲವೂ ಸುಗಮವೆಂದಲ್ಲ. ದೂರದ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟೇ ಇಲ್ಲದಿದ್ದರೆ ಅಕ್ಷರಕ್ಕೆ ಬದಲಾಗಿ ಬರಿಯ ಚೌಕಗಳು ಮೂಡುತ್ತವೆ. ಈ ಚೌಕಗಳಿಗೆ ಪಾಶ್ಚಾತ್ಯರು ತೋಫು ಎಂದು ಅಡ್ಡಹೆಸರಿಟ್ಟಿದ್ದಾರೆ. ತೋಫು ಬೇಡವೆಂಬ ಮಾತಿನಿಂದಲೇ ನೋಟೋ ಎಂಬ ಫಾಂಟ್ ಸಮೂಹಕ್ಕೆ ಹೆಸರು ಬಂದಿತು, ಅದರಲ್ಲಿ ಕನ್ನಡವೂ ಸೇರಿದೆ. ಫಾಂಟು ಜಾಲದ ಮೂಲಕ ಬರುವುದಾದರೆ ಅದು ತಲುಪುವವರೆಗೆ ಕಾದು ಚಿತ್ರ ತೆಗೆಯಬೇಕು. ಮುದ್ರಣಕ್ಕೆ ಬೇಕಾದಲ್ಲಿ ಚುಕ್ಕೆಗಳನ್ನು ಎರಡೂ ದಿಕ್ಕಿನಲ್ಲಿ ಇಮ್ಮಡಿಸಿದರೆ ಒಟ್ಟು ಸಂಖ್ಯೆ ೩೮,೪೦,೦೦೦ಕ್ಕೆ ಏರಿ ಒತ್ತಕ್ಷರಗಳ ಅಂಚು ಹರಿತವಾಗುತ್ತದೆ. ಕಡತವನ್ನು ಪಿ.ಎನ್.ಜಿ. ರೂಪದಲ್ಲಿಡುವುದು ಲೇಸು; ಜೆಪೆಗ್ ರೂಪವು ಗಾತ್ರವನ್ನು ಕುಗ್ಗಿಸುವ ಭರದಲ್ಲಿ ಅಕ್ಷರಗಳ ಸುತ್ತ ಮಸಕು ಉಳಿಸುತ್ತದೆ.

ಹೆಸರುಗಳನ್ನು ವಿದ್ಯಾರ್ಥಿಗಳೇ ತುಂಬುವಂತಿದ್ದರೆ ಇನ್ನೊಂದು ಎಚ್ಚರ ಬೇಕು. ತುಂಟನೊಬ್ಬ ಹೆಸರಿನ ಬದಲು ಜಾಲಭಾಷೆಯ ಗುರುತುಗಳನ್ನೇ ಬರೆದುಕೊಟ್ಟರೆ ಬ್ರೌಸರು ಅವನ್ನೂ ಅಪ್ಪಣೆಯೆಂದೇ ತಿಳಿದು ಪಾಲಿಸೀತು. ಹೊರಗಿನವರು ನೋಡಬಾರದ ಒಳಪುಟಗಳು ಆ ದಾರಿಯಿಂದ ಚಿತ್ರದೊಳಗೆ ಬಂದುಬಿಡಬಹುದು. ಗುರುತಿನ ಕೋನಾವರಣಗಳನ್ನು ಮೊದಲೇ ಸಾಮಾನ್ಯ ಅಕ್ಷರಗಳಾಗಿ ಮಾರ್ಪಡಿಸಿಡುವುದು ಇದಕ್ಕೆ ಪರಿಹಾರ.

ಚಿತ್ರವಾದೊಡನೆ ಬರಹವು ಬರಹವಾಗಿ ಉಳಿಯುವುದಿಲ್ಲ. ದೃಷ್ಟಿಹೀನರಿಗೆ ಪುಟವನ್ನು ಓದಿಹೇಳುವ ತಂತ್ರಾಂಶಕ್ಕೆ ಅದು ಚುಕ್ಕೆಗಳ ರಾಶಿ ಮಾತ್ರ. ಆದಕಾರಣ ಈ ಪತ್ರಗಳನ್ನು ಜಾಲಪುಟದಲ್ಲಿ ಪ್ರಕಟಿಸುವಾಗ ಪ್ರತಿ ಚಿತ್ರದ ಜೊತೆಗೂ ಅದರ ಒಕ್ಕಣೆಯನ್ನು ಪರ್ಯಾಯ ಪಠ್ಯವಾಗಿ ಸೇರಿಸಬೇಕು. ಹೆಸರುಗಳ ಪಟ್ಟಿ ಹೇಗೂ ಪ್ರೋಗ್ರಾಮಿನ ಕೈಯಲ್ಲೇ ಇರುವುದರಿಂದ ಅದಕ್ಕೆ ಇನ್ನೊಂದು ಸಾಲು ಸಾಕು.