ವಜ್ರದ ಗಣಿ, ಆಕ್ಸ್‌ಫರ್ಡ್ ಮತ್ತು ಒಂದು ಕನ್ನಡ ನಾಟಕ

ಮಲೆನಾಡಿನ ಗೋಣಿಬೀಡಿನ ಸುತ್ತಣ ಕಾಫಿ ತೋಟಗಳಲ್ಲಿ ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಮರವನ್ನು ಕರಿಮೆಣಸಿನ ಬಳ್ಳಿ ಅಡರಿಕೊಂಡು, ಕಾಫಿಯ ಧಾರಣೆ ಕುಸಿದ ವರ್ಷ ತೋಟದ ಯಜಮಾನನನ್ನು ಆ ಮೆಣಸೇ ಪೊರೆಯುವುದುಂಟು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸುಪ್ರಸಿದ್ಧ ರೋಡ್ಸ್ ವಿದ್ಯಾರ್ಥಿವೇತನದ ಚರಿತ್ರೆಯಲ್ಲಿಯೂ ನೆಟ್ಟವನ ಉದ್ದೇಶವೊಂದಾಗಿ, ದೊರೆತ ಫಲ ಬೇರೊಂದಾಯಿತು.

ಈ ನಿಧಿಯ ಸ್ಥಾಪಕನಾದ ಸೆಸಿಲ್ ರೋಡ್ಸ್ ದಕ್ಷಿಣ ಆಫ್ರಿಕದ ಕಿಂಬರ್ಲಿಯ ವಜ್ರದ ಗಣಿಗಳಿಂದ ಅಪಾರ ಐಶ್ವರ್ಯವನ್ನು ಸಂಪಾದಿಸಿದವನು. 1873ರಲ್ಲಿ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜನ್ನು ಸೇರಿ, ಗಣಿಗೂ ಪಾಠಕ್ಕೂ ನಡುವೆ ಸಮುದ್ರಯಾನ ಮಾಡುತ್ತ, 1881ರಲ್ಲಿ ಅಂತೂ ಪದವಿಯನ್ನು ಪಡೆದವನು. ಆಫ್ರಿಕದ ಮೂಲನಿವಾಸಿಗಳ ನೆಲವನ್ನೂ ದುಡಿಮೆಯನ್ನೂ ಕಸಿದು ಕೂಡಿಸಿದ ಧನವದು; ಅದನ್ನು ಮರೆತು ಅವನ ಔದಾರ್ಯವನ್ನಷ್ಟೇ ಕೊಂಡಾಡುವುದು ನನ್ನಿಂದಾಗದು. 1902ರಲ್ಲಿ ಅವನು ಗತಿಸಿದ ತರುವಾಯ ಉಯಿಲಿನ ಪ್ರಕಾರ ವೇತನಗಳು ಆರಂಭವಾದವು. ಬ್ರಿಟಿಷ್ ವಸಾಹತುಗಳ, ಅಮೆರಿಕದ, ಜರ್ಮನಿಯ ತರುಣರು ಒಂದೆಡೆ ಕಲೆತು ಕಲಿಯಬೇಕು, ಸಾಮ್ರಾಜ್ಯದ ಬುಡ ಅದರಿಂದ ಭದ್ರವಾಗಬೇಕು ಎಂಬುದು ಅವನ ಆಶಯ. ಪಾಂಡಿತ್ಯವೊಂದೇ ಸಾಲದು, ಆಟೋಟದ ಆಸಕ್ತಿಯನ್ನೂ ಚಾರಿತ್ರ್ಯವನ್ನೂ ನಾಯಕತ್ವದ ಗುಣವನ್ನೂ ಪರಿಶೀಲಿಸಬೇಕೆಂಬುದು ಅವನು ವಿಧಿಸಿದ ನಿಯಮ. (ನಮ್ಮ ಪರೀಕ್ಷಾಮಂಡಲಿಗಳು ಇದರಿಂದ ಕಲಿಯಬಹುದಾಗಿತ್ತು.) ಜನಾಂಗ, ಮತಗಳ ಕಾರಣದಿಂದ ಯಾರನ್ನೂ ಅನರ್ಹಗೊಳಿಸಕೂಡದೆಂಬ ಮಾತೂ ಉಯಿಲಿನಲ್ಲಿತ್ತು, ಆದರೂ 1907ರಲ್ಲಿ ಆಯ್ಕೆಯಾದ ಅಮೆರಿಕದ ಕರಿಯ ತರುಣ ಅಲೆನ್ ಲಾಕ್‌ನನ್ನು ಸೇರಿಸಿಕೊಳ್ಳಲು ಹಲವು ಕಾಲೇಜುಗಳು ನಿರಾಕರಿಸಿದವು. ಭಾರತೀಯರ ಸರದಿ 1947ರಲ್ಲಿ ಬಂದಿತು. ಸ್ತ್ರೀಯರು 1977ರವರೆಗೆ ಕಾಯಬೇಕಾಯಿತು.

ಕನ್ನಡಿಗರಿಗೆ ಈ ವೇತನದ ನೆನಪು ಗಿರೀಶ ಕಾರ್ನಾಡರ ಹೆಸರಿನೊಡನೆ ಬೆಸೆದುಕೊಂಡಿದೆ. ಶಿರಸಿಯಲ್ಲಿ ಬಾಲ್ಯವನ್ನು ಕಳೆದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರಗಳನ್ನು ಓದಿದ್ದ ಅವರು, ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬ ಹಂಬಲವನ್ನು ಹೊತ್ತಿದ್ದರು. ಆದರೆ ಮಗನೆಲ್ಲಿ ವಿದೇಶದಲ್ಲಿಯೇ ನಿಂತುಬಿಡುವನೋ ಎಂದು ಮನೆಯವರು ಕಳವಳಪಡುತ್ತಿದ್ದ ಆ ಪ್ರಯಾಣಪೂರ್ವದ ದಿನಗಳಲ್ಲಿ, ತಂದೆಗಾಗಿ ಮಗನು ಯೌವನವನ್ನೇ ತೆರುವ ‘ಯಯಾತಿ’ಯ ಕಥೆ ಅವರ ಲೇಖನಿಯಿಂದ ಕನ್ನಡದಲ್ಲಿ ಹರಿಯಿತು. 1960ರಲ್ಲಿ ಅವರು ರೋಡ್ಸ್ ವೇತನವನ್ನು ಪಡೆದು ಆಕ್ಸ್‌ಫರ್ಡಿಗೆ ತೆರಳಿದರು. ಮರುವರ್ಷ ಮನೋಹರ ಗ್ರಂಥಮಾಲೆ ಆ ನಾಟಕವನ್ನು ಪ್ರಕಟಿಸಿತು. ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳಲ್ಲಿ ಪದವಿ ಪಡೆದು, ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾಸಂಘದ ಅಧ್ಯಕ್ಷಪೀಠವನ್ನೂ ಏರಿ, 1963ರಲ್ಲಿ ಮರಳಿದ ಕಾರ್ನಾಡರು ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗಕ್ಕೆ ನಿಂತರು. ಸಾಮ್ರಾಜ್ಯವನ್ನು ಭದ್ರಗೊಳಿಸಲೆಂದು ಹುಟ್ಟಿದ ನಿಧಿಯ ಅನ್ನವನ್ನುಂಡು ಬಂದವರು 1964ರಲ್ಲಿ ಕನ್ನಡಿಗರ ಕೈಗಿತ್ತದ್ದು ‘ತುಘಲಕ್’ ನಾಟಕವನ್ನು, ತನ್ನ ಕನಸುಗಳ ಭಾರದಿಂದಲೇ ಕುಸಿದ ಸುಲ್ತಾನನೊಬ್ಬನ ಕಥೆಯನ್ನು.