ಕರೆ ಮುಟ್ಟಿತೆ? ತುರ್ತು ನೆರವಿನ ಸಂಚಾರಿ ರೇಡಿಯೋ ಮತ್ತು ಅದರ ಪರೀಕ್ಷೆ

ಮನೆಗೆ ಬೆಂಕಿ ಬಿದ್ದಾಗ, ಹೆದ್ದಾರಿಯಲ್ಲಿ ಅಪಘಾತವಾದಾಗ, ನಡುರಾತ್ರಿಯಲ್ಲಿ ಯಾರಿಗಾದರೂ ಎದೆನೋವು ಕಾಣಿಸಿಕೊಂಡಾಗ ನಾವು ಮೊದಲು ಮಾಡುವ ಕೆಲಸ ದೂರವಾಣಿಯ ಕರೆ. ಭಾರತದಲ್ಲಿ ಇಂತಹ ಸಂದರ್ಭಗಳಿಗೆಂದು 112 ಎಂಬ ಒಂದೇ ಸಂಖ್ಯೆಯನ್ನು ಗೊತ್ತುಪಡಿಸಲಾಗಿದೆ. ಕರೆದವರ ಪಾಲಿನ ಕೆಲಸ ಅಲ್ಲಿಗೆ ಮುಗಿಯಿತು. ನೆರವು ಕಳುಹಿಸಬೇಕಾದವರ ಪಾಲಿಗೆ ಅದು ಆಗತಾನೆ ಮೊದಲಾಯಿತು. ನಿಯಂತ್ರಣ ಕೊಠಡಿಯಲ್ಲಿ ಕುಳಿತವರು ಈ ಸುದ್ದಿಯನ್ನು ಬೀದಿಯಲ್ಲಿ ಓಡುತ್ತಿರುವ ಒಂದು ವಾಹನಕ್ಕೆ ಮುಟ್ಟಿಸಬೇಕು. ಓಡುವ ವಾಹನಕ್ಕೆ ತಂತಿ ಕಟ್ಟಲಾಗದು. ಆದುದರಿಂದ ಕಾಣದ ರೇಡಿಯೋ ಅಲೆಯೊಂದೇ ಅಲ್ಲಿ ಗತಿ.

ಈ ಏರ್ಪಾಡು ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಗುಂಡಿಯೊತ್ತಿ "ಕೇಳಿಸುತ್ತಿದೆಯೆ?" ಎಂದು ವಿಚಾರಿಸಿ, "ಕೇಳಿಸುತ್ತಿದೆ" ಎಂಬ ಉತ್ತರ ಬಂದರೆ ಸಾಲದೆ? ಸಾಲದು. ಅಂತಹ ಉತ್ತರವು ಆ ಒಂದು ಸ್ಥಳದಲ್ಲಿ, ಆ ಒಂದು ಗಳಿಗೆಯಲ್ಲಿ, ಬೇರೆ ಯಾರೂ ಮಾತನಾಡದಿದ್ದಾಗ, ಗದ್ದಲವಿಲ್ಲದ ಕಡೆ ಮಾತು ಮುಟ್ಟಿತೆಂಬುದನ್ನು ಮಾತ್ರ ಸ್ಥಾಪಿಸುತ್ತದೆ. ಆಪತ್ತಾದರೋ ಇಂತಹ ಅನುಕೂಲಗಳನ್ನು ನೋಡಿಕೊಂಡು ಬರುವುದಿಲ್ಲ.

ಡೆಟ್ರಾಯಿಟಿನ ಏಳು ವರ್ಷ

ಈ ವಿದ್ಯೆಯ ಮೊದಲ ಪಾಠಗಳನ್ನು ಕಲಿತವರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸರು ಮುಖ್ಯರು. ಆಯುಕ್ತ ವಿಲಿಯಂ ರಟ್ಲೆಜ್ ಅವರ ಮುಂದಾಳುತನದಲ್ಲಿ ಅಲ್ಲಿ ಏಳು ವರ್ಷಗಳ ಕಾಲ ಪ್ರಯೋಗಗಳು ನಡೆದುವು. ಆ ಕಾಲದ ಕಾನೂನು ಎಷ್ಟು ವಿಚಿತ್ರವಾಗಿತ್ತೆಂದರೆ, ಅವರ ಕೇಂದ್ರಕ್ಕೆ ಮನರಂಜನೆಯ ಬಾನುಲಿಯೆಂದೇ ಪರವಾನಗಿ ದೊರೆತು, ಕಳ್ಳರ ಸುಳಿವಿನ ನಡುನಡುವೆ ಸಂಗೀತವನ್ನೂ ಬಿತ್ತರಿಸಬೇಕಾಯಿತು.

ಆದರೆ ಕಾನೂನಿಗಿಂತ ದೊಡ್ಡ ಅಡಚಣೆ ಕಾರೇ ಆಗಿತ್ತು. ಮೇಜಿನ ಮೇಲೆ ಸೊಗಸಾಗಿ ನುಡಿಯುವ ಗ್ರಾಹಕ ಯಂತ್ರವನ್ನು ಕುಲುಕಾಡುವ ಗಾಡಿಯೊಳಗಿಟ್ಟರೆ ಅದರ ಶ್ರುತಿ ಕದಲುತ್ತದೆ. ನಿರ್ವಾತ ಕೊಳವೆಗಳು ನಡುಗುತ್ತವೆ. ಸಾಲದೆಂಬಂತೆ ಪೆಟ್ರೋಲ್ ಎಂಜಿನ್ನಿನ ಒಂದೊಂದು ಕಿಡಿಯೂ ತಾನೇ ಒಂದು ಪುಟ್ಟ ರೇಡಿಯೋ ಪ್ರೇಷಕ. ಹರ್ಟ್ಸ್ ಎಂಬ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ಮೊದಲು ರೇಡಿಯೋ ಅಲೆಗಳನ್ನು ಎಬ್ಬಿಸಿದ್ದೂ ಇಂತಹ ಕಿಡಿಯಿಂದಲೇ ಅಲ್ಲವೆ? ಕೆನೆತ್ ಕಾಕ್ಸ್ ಎಂಬ ಪೊಲೀಸ್ ಅಧಿಕಾರಿಯೂ ರಾಬರ್ಟ್ ಬ್ಯಾಟ್ಸ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಸೇರಿ ಓಟವನ್ನು ತಾಳಿಕೊಳ್ಳುವ ಗ್ರಾಹಕವನ್ನು ರಚಿಸಿದರು. 1928ರ ಏಪ್ರಿಲ್ 7ರಂದು ಕ್ರಮವಾದ ಸೇವೆ ಆರಂಭವಾಯಿತು.

ಅದಾದರೂ ಏಕಮುಖ ಸೇವೆ. ಕಾರಿನವರು ಕೇಳಬಲ್ಲರು, ನುಡಿಯಲಾರರು. ಮರುಮಾತಿಲ್ಲದ ರೇಡಿಯೋದಲ್ಲಿ ಕರೆ ಮುಟ್ಟಿತೆ ಎಂಬುದೇ ಕರೆದವನಿಗೆ ತಿಳಿಯದು. ಈ ಕೊರತೆಯನ್ನು 1933ರಲ್ಲಿ ನ್ಯೂಜೆರ್ಸಿಯ ಬೆಯಾನ್ ಪಟ್ಟಣದ ಪೊಲೀಸರು ನೀಗಿದರು. ಅವರ ಕಾರುಗಳಲ್ಲಿ ಪ್ರೇಷಕವೂ ಇದ್ದಿತು. 1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರಿಗಾಗಿ ಡೇನಿಯಲ್ ನೋಬಲ್ ಎಂಬ ಪ್ರಾಧ್ಯಾಪಕರು ಎಫ್.ಎಂ. ಪದ್ಧತಿಯನ್ನು ಬಳಕೆಗೆ ತಂದರು. ಕಿಡಿಯ ಹಾಗೂ ಸಿಡಿಲಿನ ಗದ್ದಲವು ಅಲೆಯ ಎತ್ತರವನ್ನು ಕೆಡಿಸುತ್ತದೆ. ಮಾತನ್ನು ಅಲೆಯ ಎತ್ತರದಲ್ಲಿ ಅಡಗಿಸದೆ ಆವೃತ್ತಿಯ ಏರಿಳಿತದಲ್ಲಿ ಅಡಗಿಸಿದರೆ ಆ ಗದ್ದಲ ಬಹುಮಟ್ಟಿಗೆ ಹೊರಗುಳಿಯುತ್ತದೆ. ಎಫ್.ಎಂ. ಪದ್ಧತಿಯ ಗೆಲುವಿನ ಗುಟ್ಟು ಇದು.

ಅಲೆ ಎಲ್ಲಿಯವರೆಗೆ?

ಹೊಸದಾಗಿ ಹೂಡಿದ ಒಂದು ರೇಡಿಯೋ ಜಾಲವನ್ನು ಒರೆಗೆ ಹಚ್ಚುವಾಗ ಕೇಳಬೇಕಾದ ಮೊದಲನೆಯ ಪ್ರಶ್ನೆ ಇದು. ತೆರಪಾದ ಆಕಾಶದಲ್ಲಿ ದೂರ ಇಮ್ಮಡಿಯಾದರೆ ಅಲೆಯ ಸಾಮರ್ಥ್ಯ ಕಾಲುಭಾಗಕ್ಕೆ ಇಳಿಯುತ್ತದೆಯೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ನೆಲಕ್ಕೆ ಹತ್ತಿರವಾಗಿ ಸಾಗುವ ಅಲೆಗೆ ಈ ನಿಯಮ ಇನ್ನೂ ನಿಷ್ಠುರ. ನೆಲದಿಂದ ಪ್ರತಿಫಲಿಸಿದ ಅಲೆಯು ನೇರವಾಗಿ ಬಂದುದನ್ನು ಬಹುಪಾಲು ಅಳಿಸುವುದರಿಂದ, ಸಾಕಷ್ಟು ದೂರ ಹೋದಮೇಲೆ ದೂರ ಇಮ್ಮಡಿಯಾದಂತೆಲ್ಲ ಸಾಮರ್ಥ್ಯ ಸುಮಾರು ಹದಿನಾರರಲ್ಲೊಂದು ಭಾಗಕ್ಕೆ ಕುಗ್ಗುತ್ತದೆ. ಬೆಟ್ಟದ ಮರೆ, ಕಾಂಕ್ರೀಟ್ ಗೋಡೆ, ನೆಲಮಾಳಿಗೆ ಇವೆಲ್ಲ ಅದರ ಮೇಲೆ ಹೇರಿದ ಸುಂಕ.

ಇಷ್ಟೇ ಅಲ್ಲ. ನಗರದಲ್ಲಿ ಒಂದೇ ಅಲೆಯು ಹತ್ತಾರು ಗೋಡೆಗಳಿಗೆ ತಾಕಿ ಹತ್ತಾರು ದಾರಿಗಳಿಂದ ಬಂದು ಸೇರುತ್ತದೆ. ಅಲೆಯ ಉಬ್ಬಿಗೆ ಉಬ್ಬು ಕೂಡಿದ ಕಡೆ ಧ್ವನಿ ಗಟ್ಟಿ. ಉಬ್ಬಿಗೆ ತಗ್ಗು ಕೂಡಿದ ಕಡೆ ಮೌನ. 400 ಮೆಗಾಹರ್ಟ್ಸ್ ಆವೃತ್ತಿಯ ಅಲೆಯ ತರಂಗಾಂತರ 75 ಸೆಂಟಿಮೀಟರ್. ಎದುರುಬದುರಾಗಿ ಬಂದ ಎರಡು ಅಲೆಗಳ ನಡುವೆ ಇಂತಹ ಮೌನದ ಗುಳಿಗಳು ಅದರ ಅರ್ಧ ದೂರಕ್ಕೊಂದರಂತೆ, ಎಂದರೆ 37.5 ಸೆಂಟಿಮೀಟರಿಗೊಂದರಂತೆ ಇರುತ್ತವೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಆಂಬುಲೆನ್ಸು ಸೆಕೆಂಡಿಗೆ ಸುಮಾರು 44 ಗುಳಿಗಳನ್ನು ದಾಟುತ್ತದೆ! ಆದಕಾರಣ ವಾಹನವನ್ನು ಒಂದೆಡೆ ನಿಲ್ಲಿಸಿ ಅಳೆದ ಅಳತೆಗೆ ಬೆಲೆಯಿಲ್ಲ. ಎರಡು ಗೇಣು ಮುಂದೆ ಸರಿದರೆ ಫಲಿತಾಂಶವೇ ಬೇರೆ. ಪರೀಕ್ಷಕರು ಸುಮಾರು 40 ತರಂಗಾಂತರಗಳಷ್ಟು, ಎಂದರೆ ಈ ಆವೃತ್ತಿಯಲ್ಲಿ 30 ಮೀಟರಿನಷ್ಟು ದಾರಿಯುದ್ದಕ್ಕೂ ಹಲವು ಅಳತೆಗಳನ್ನು ತೆಗೆದುಕೊಂಡು ಅವುಗಳ ಸರಾಸರಿಯನ್ನು ಆ ಸ್ಥಳದ ಬೆಲೆಯೆಂದು ಎಣಿಸುತ್ತಾರೆ.

ಊರಿನ ನಕ್ಷೆಯನ್ನು ಚದುರಂಗದ ಹಾಸಿನಂತೆ ಚೌಕಗಳಾಗಿ ಸೀಳಿ, ಪ್ರತಿಯೊಂದು ಚೌಕಕ್ಕೂ ವಾಹನವನ್ನು ಓಡಿಸಿ ಪರೀಕ್ಷಿಸುವುದು ವಾಡಿಕೆ. 400 ಚೌಕಗಳಲ್ಲಿ 380 ತೇರ್ಗಡೆಯಾದರೆ ನೂರಕ್ಕೆ 95 ಅಂಕ. ಇದು ಒಳ್ಳೆಯ ಅಂಕವೆಂದು ಯಾರಿಗಾದರೂ ತೋರೀತು. ಆದರೆ ನಪಾಸಾದ 20 ಚೌಕಗಳು ಊರೆಲ್ಲ ಚದುರಿವೆಯೋ ಅಥವಾ ಒಂದೇ ಕಣಿವೆಯಲ್ಲಿ ಗುಂಪಾಗಿವೆಯೋ? ಚದುರಿದ್ದರೆ ವಾಹನವು ಮುಂದಿನ ತಿರುವಿನಲ್ಲಿ ಮತ್ತೆ ಮಾತಿಗೆ ಸಿಕ್ಕೀತು. ಗುಂಪಾಗಿದ್ದರೆ ಆ ಕಣಿವೆಯ ನಿವಾಸಿಗಳ ಪಾಲಿಗೆ ರೇಡಿಯೋ ಜಾಲವೇ ಇಲ್ಲ. ಸರಾಸರಿಯು ಈ ಭೇದವನ್ನು ಮುಚ್ಚಿಡುತ್ತದೆ. ನಮ್ಮ ಮಲೆನಾಡಿನಂತಹ ಏರುತಗ್ಗಿನ ಸೀಮೆಗೆ ಈ ಎಚ್ಚರಿಕೆ ವಿಶೇಷವಾಗಿ ಸಲ್ಲುತ್ತದೆ.

ಇನ್ನೊಂದು ಮಾತು. ಕೇಂದ್ರದ ಪ್ರೇಷಕವು ಎತ್ತರದ ಗೋಪುರದಿಂದ ಹತ್ತಾರು ವಾಟ್ ಸಾಮರ್ಥ್ಯದಲ್ಲಿ ನುಡಿಯುತ್ತದೆ. ಸಿಬ್ಬಂದಿಯ ಕೈರೇಡಿಯೋ 5 ವಾಟ್ ಮೀರುವುದು ಅಪರೂಪ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರಂತೂ ಮೈಯೇ ಅಲೆಯ ಒಂದು ಪಾಲನ್ನು ಹೀರುತ್ತದೆ. ಆದ್ದರಿಂದ ಕೇಂದ್ರದ ಮಾತು ಕೇಳಿಸುವ ಎಡೆಯಿಂದ ಸಿಬ್ಬಂದಿಯ ಮಾತು ಕೇಂದ್ರಕ್ಕೆ ಮುಟ್ಟೀತೆಂಬ ಭರವಸೆಯಿಲ್ಲ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಕೇಳಿಸಿದ್ದು ತಿಳಿಯಿತೆ?

ಅಲೆ ಮುಟ್ಟಿದರೂ ಮಾತು ಮುಟ್ಟದಿರಬಹುದು. ವೋಲ್ಟ್‌ಮೀಟರಿಗೆ ಭಾಷೆ ಬಾರದು. ಮಾತಿನ ಪರೀಕ್ಷೆಗೆ ಮನುಷ್ಯನ ಕಿವಿಯೇ ಬೇಕು. ಕೇಳುಗರಿಗೆ ಪದಗಳನ್ನೋ ವಾಕ್ಯಗಳನ್ನೋ ರೇಡಿಯೋ ಮೂಲಕ ಕೇಳಿಸಿ, ಅವರು ಎಷ್ಟನ್ನು ಸರಿಯಾಗಿ ಗುರುತಿಸಿದರೆಂದು ಎಣಿಸಲಾಗುತ್ತದೆ.

ಈಚಿನ ರೇಡಿಯೋಗಳು ಮಾತನ್ನು ಅಂಕಿಗಳಾಗಿ ಮಾರ್ಪಡಿಸಿ ಕಳುಹಿಸುತ್ತವೆ. ದೂರವಾಣಿಯ ಡಿಜಿಟಲ್ ಪದ್ಧತಿಯು ಮಾತಿಗೆ ಸೆಕೆಂಡಿಗೆ 64,000 ಬಿಟ್‌ಗಳನ್ನು ವೆಚ್ಚಮಾಡಿದರೆ, ಅಮೆರಿಕದ ತುರ್ತುಸೇವೆಗಳು ಬಳಸುವ ಒಂದು ಪದ್ಧತಿಯು 4,400 ಬಿಟ್‌ಗಳಲ್ಲಿಯೇ ಸಂಸಾರ ನಡೆಸುತ್ತದೆ. ಇಷ್ಟು ಮಿತವ್ಯಯ ಸಾಧ್ಯವಾಗುವುದು, ಯಂತ್ರವು ಮನುಷ್ಯನ ಗಂಟಲಿನ ಒಂದು ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಗಂಟಲು ಈಗ ಹೇಗಿದೆ ಎಂಬುದನ್ನಷ್ಟೇ ವರದಿ ಮಾಡುವುದರಿಂದ. ಆದರೆ ಅಗ್ನಿಶಾಮಕ ದಳದವನ ಮುಖವಾಡದ ಬಳಿ ಗರಗಸ ಅರಚುತ್ತಿದ್ದರೆ, ಅಪಾಯದ ಗಂಟೆ ಕಿರುಚುತ್ತಿದ್ದರೆ, ಪಾಪ, ಯಂತ್ರವು ಅದನ್ನೂ ಗಂಟಲಿನ ದನಿಯೆಂದೇ ಬಗೆದು ಬಣ್ಣಿಸಹೊರಡುತ್ತದೆ. 2008ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ಇಂತಹ ಗದ್ದಲಗಳ ನಡುವೆ ಮಾತನಾಡಿಸಿ ಪರೀಕ್ಷಿಸಿದಾಗ, ಕೆಲವು ಬಗೆಯ ಗದ್ದಲಗಳಲ್ಲಿ ಹೊಸ ರೇಡಿಯೋಗಳಿಗಿಂತ ಹಳೆಯ ಎಫ್.ಎಂ. ರೇಡಿಯೋಗಳಲ್ಲಿಯೇ ಮಾತು ಹೆಚ್ಚು ಸ್ಪಷ್ಟವಾಗಿ ತಿಳಿಯಿತು. ಮೌನವಾದ ಕೊಠಡಿಯಲ್ಲಿ ಪರೀಕ್ಷೆ ಮಾಡಿ ಮುಗಿಸಿದ್ದರೆ ಈ ದೋಷ ಬೆಳಕಿಗೆ ಬರುತ್ತಿತ್ತೆ?

ಎಲ್ಲರೂ ಒಮ್ಮೆಗೇ ಕರೆದರೆ

ಮೂರನೆಯ ಪ್ರಶ್ನೆ ದಟ್ಟಣೆಯದು. ಒಂದು ರೇಡಿಯೋ ಮಾರ್ಗದಲ್ಲಿ ಒಮ್ಮೆಗೆ ಒಬ್ಬರೇ ಮಾತನಾಡಬಹುದು. ಇಂತಹ ಸರದಿಗಳ ಗಣಿತಕ್ಕೆ 1909ರಲ್ಲಿ ತಳಹದಿ ಹಾಕಿದವರು ಕೋಪನ್‌ಹೇಗನ್ನಿನ ಎರ್ಲಾಂಗ್ ಎಂಬ ಗಣಿತಜ್ಞರು. ಒಂದು ಸಂದೇಶ ಸರಾಸರಿ 15 ಸೆಕೆಂಡ್ ಹಿಡಿಯುತ್ತದೆಂದು ಭಾವಿಸೋಣ. ಗಂಟೆಗೆ 120 ಸಂದೇಶಗಳು ಬಂದರೆ ಮಾರ್ಗವು ಅರ್ಧ ಕಾಲ ತುಂಬಿರುತ್ತದೆ. ಸಂದೇಶಗಳು ಗೊತ್ತುಗುರಿಯಿಲ್ಲದೆ ಬರುತ್ತವೆಂದೂ ಅವುಗಳ ಉದ್ದವೂ ಹಾಗೆಯೇ ಏರುಪೇರಾಗಿರುತ್ತದೆಂದೂ ಇಟ್ಟುಕೊಂಡರೆ, ಒಬ್ಬೊಬ್ಬರು ಸರಾಸರಿ 15 ಸೆಕೆಂಡ್ ಕಾಯಬೇಕಾಗುತ್ತದೆ. ಗಂಟೆಗೆ 192 ಸಂದೇಶಗಳಾದರೆ ಈ ಕಾಯುವಿಕೆ 60 ಸೆಕೆಂಡಿಗೆ ಏರುತ್ತದೆ. 216 ಆದರೆ 135 ಸೆಕೆಂಡಿಗೆ. ಸಂದೇಶಗಳು ಹೆಚ್ಚಿದ್ದು ಎರಡು ಪಟ್ಟಿಗಿಂತ ಕಡಿಮೆ, ಕಾಯುವಿಕೆ ಹೆಚ್ಚಿದ್ದು ಒಂಬತ್ತು ಪಟ್ಟು! 240 ಮುಟ್ಟಿದರೆ ಸರದಿಗೆ ಕೊನೆಯೇ ಇಲ್ಲ. ಶಾಂತವಾದ ದಿನದ ಪರೀಕ್ಷೆಯಿಂದ ಕೋಲಾಹಲದ ದಿನವನ್ನು ಊಹಿಸಲಾಗದೆಂಬುದು ಇದರಿಂದ ಸ್ಪಷ್ಟ.

1992ರ ಅಕ್ಟೋಬರ್ 26ರಂದು ಲಂಡನ್ ನಗರದ ಆಂಬುಲೆನ್ಸ್ ಸೇವೆಯು ಈ ಪಾಠಕ್ಕೆ ತೆತ್ತ ಬೆಲೆ ಕಡಿಮೆಯದಲ್ಲ. ಅಂದು ಅಲ್ಲಿ ಹೊಸ ಕಂಪ್ಯೂಟರ್ ವ್ಯವಸ್ಥೆಯೊಂದು ಪೂರ್ಣವಾಗಿ ಅಧಿಕಾರ ವಹಿಸಿಕೊಂಡಿತು. ಪ್ರತಿಯೊಂದು ವಾಹನವೂ ತಾನಿರುವ ಸ್ಥಳವನ್ನೂ ಸ್ಥಿತಿಯನ್ನೂ ರೇಡಿಯೋ ಮೂಲಕ ತಿಳಿಸಬೇಕು. ಕಂಪ್ಯೂಟರ್ ಹತ್ತಿರದ ವಾಹನವನ್ನು ಆರಿಸಿ ಕಳುಹಿಸಬೇಕು. ದಟ್ಟಣೆ ಹೆಚ್ಚಿದಂತೆ ರೇಡಿಯೋ ವರದಿಗಳು ತಪ್ಪಿದುವು. ವಾಹನಗಳೆಲ್ಲಿವೆಯೆಂಬ ಅರಿವು ಕಂಪ್ಯೂಟರಿಗೆ ತಪ್ಪಿತು. ಒಂದೇ ಕಡೆಗೆ ಎರಡು ವಾಹನಗಳು ಹೋದುವು, ಬೇಕಾದ ಕಡೆಗೆ ಒಂದೂ ಹೋಗಲಿಲ್ಲ. ಕಾದು ಬೇಸತ್ತ ಜನರು ಮತ್ತೆಮತ್ತೆ ಕರೆದರು. ಅದರಿಂದ ದಟ್ಟಣೆ ಇನ್ನೂ ಬೆಳೆಯಿತು. ಮರುದಿನವೇ ಭಾಗಶಃ ಹಳೆಯ ಪದ್ಧತಿಗೆ ಮರಳಬೇಕಾಯಿತು. ನವೆಂಬರ್ 4ರಂದು ಉಳಿದುದೂ ನಿಂತು, ಕಾಗದ ಪೆನ್ಸಿಲುಗಳೇ ದಿಕ್ಕಾದುವು. ಅಪೂರ್ಣವಾದ ಸ್ಥಳಸೂಚನೆಯನ್ನು ಸಹಿಸಲಾರದ ವ್ಯವಸ್ಥೆಯನ್ನು ಪೂರ್ಣ ಹೊರೆಯಲ್ಲಿ ಪರೀಕ್ಷಿಸದೆಯೇ ಬಳಕೆಗೆ ತರಲಾಗಿತ್ತೆಂದು 1993ರ ವಿಚಾರಣಾ ವರದಿ ತೋರಿಸಿಕೊಟ್ಟಿತು.

ಎರಡನೆಯ ಗುಂಡಿ

ಕಟ್ಟಕಡೆಯ ಪ್ರಶ್ನೆ ಯಂತ್ರದ್ದಲ್ಲ, ಕೈಯದು. ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳಲ್ಲಿ ಅಗ್ನಿಶಾಮಕ ದಳದವರ ಕೈರೇಡಿಯೋ ಮಾತು ಮೇಲಿನ ಅಂತಸ್ತುಗಳಿಗೆ ಮುಟ್ಟಲೆಂದು 1994ರಲ್ಲಿ ರಿಪೀಟರ್ ಎಂಬ ಯಂತ್ರವನ್ನು ಹೂಡಲಾಗಿತ್ತು. ಕ್ಷೀಣವಾದ ಮಾತನ್ನು ಹಿಡಿದು ಬಲಪಡಿಸಿ ಮತ್ತೆ ಬಿತ್ತರಿಸುವುದೇ ಅದರ ಕೆಲಸ. 2001ರ ಸೆಪ್ಟೆಂಬರ್ 11ರ ಬೆಳಗ್ಗೆ 8 ಗಂಟೆ 54 ನಿಮಿಷಕ್ಕೆ ಉತ್ತರ ಗೋಪುರದಲ್ಲಿ ಅದರ ಒಂದು ಗುಂಡಿಯನ್ನು ಒತ್ತಲಾಯಿತು. ಕೈರೇಡಿಯೋಗಳ ಪಾಲಿಗೆ ರಿಪೀಟರ್ ಎಚ್ಚರಗೊಂಡಿತು. ಆದರೆ ಮೇಜಿನ ಮೇಲಿನ ಮುಖ್ಯ ಸಾಧನದಿಂದ ಮಾತನಾಡಲು ಎರಡನೆಯ ಗುಂಡಿಯನ್ನೂ ಒತ್ತಬೇಕಾಗಿತ್ತು. ಅದನ್ನು ಯಾರೂ ಒತ್ತಲಿಲ್ಲ. 9 ಗಂಟೆ 5 ನಿಮಿಷಕ್ಕೆ ಅಧಿಕಾರಿಗಳು ಪರೀಕ್ಷೆ ನಡೆಸಿದರು. ಮುಖ್ಯ ಸಾಧನದಿಂದ ಮಾತು ಹೋಗಲಿಲ್ಲ, ಅದಕ್ಕೆ ಮಾತು ಬಂದಂತೆಯೂ ತೋರಲಿಲ್ಲ. ರಿಪೀಟರ್ ಕೆಟ್ಟಿದೆಯೆಂದು ತೀರ್ಮಾನಿಸಿ ಉತ್ತರ ಗೋಪುರದವರು ಅದನ್ನು ಕೈಬಿಟ್ಟರು. ಅದೇ ರಿಪೀಟರ್ ಮಾರ್ಗವನ್ನು ದಕ್ಷಿಣ ಗೋಪುರದವರು ಬಳಸಿದರು, ಅದು ಕೆಲಸ ಮಾಡಿತು!

ಆ ದಿನ 343 ಮಂದಿ ಅಗ್ನಿಶಾಮಕ ಸಿಬ್ಬಂದಿ ಮಡಿದರು. ಅದಕ್ಕೆ ರೇಡಿಯೋ ಒಂದೇ ಕಾರಣವೆನ್ನುವುದು ಸತ್ಯಕ್ಕೆ ದೂರ. ಆದರೂ ಒಂದು ಸಂಗತಿ ಮನಸ್ಸನ್ನು ಕೊರೆಯದಿರದು: ಪರೀಕ್ಷೆ ನಡೆದಿತ್ತು, ಆದರೆ ಆ ಪರೀಕ್ಷೆಯೇ ತಪ್ಪು ತೀರ್ಪನ್ನಿತ್ತಿತು. ಆಪತ್ತಿನ ಗಳಿಗೆಯಲ್ಲಿ ಮೊದಲಬಾರಿಗೆ ಗುಂಡಿ ಹುಡುಕುವವನಿಗೆ ಯಂತ್ರವು ಕೆಟ್ಟಿದೆಯೋ ಮಲಗಿದೆಯೋ ತಿಳಿಯುವುದು ಕಷ್ಟ. ಪ್ರತಿನಿತ್ಯ ಅದರೊಡನೆ ಒಡನಾಡಿದವನಿಗೆ ಈ ಭೇದ ಬೆರಳ ತುದಿಯಲ್ಲಿರುತ್ತದೆ.

ಆದುದರಿಂದ ತುರ್ತುಸೇವೆಯ ರೇಡಿಯೋ ಪರೀಕ್ಷೆಯೆಂಬುದು ಯಂತ್ರವನ್ನು ಕೊಂಡ ದಿನ ಮಾಡಿ ಮುಗಿಸುವ ಶಾಸ್ತ್ರವಲ್ಲ. ಹೊಸ ಕಟ್ಟಡವೊಂದು ಎದ್ದರೆ ಅದರ ಹಿಂದೊಂದು ಹೊಸ ನೆರಳು ಬೀಳುತ್ತದೆ. ಹೊಸ ಬಡಾವಣೆಯೊಂದು ಹುಟ್ಟಿದರೆ ಸರದಿ ಬೆಳೆಯುತ್ತದೆ. ಹೊಸ ಸಿಬ್ಬಂದಿ ಬಂದರೆ ಹೊಸ ಬೆರಳುಗಳು ಗುಂಡಿಯ ಮೇಲೆ ಕೂರುತ್ತವೆ. ಒಂದೊಂದು ಬದಲಾವಣೆಗೂ ಮರುಪರೀಕ್ಷೆ ಅವಶ್ಯ. ನಮ್ಮ ಊರಿನ ಬೀದಿಯಲ್ಲಿ ಅಗ್ನಿಶಾಮಕ ವಾಹನವೊಂದು ಬೆಂಕಿಯಿಲ್ಲದೆಯೇ ನಿಂತು, ಸಿಬ್ಬಂದಿ ರೇಡಿಯೋ ಹಿಡಿದು ನೆಲಮಾಳಿಗೆಯಿಂದ ಮೇಲಂತಸ್ತಿನವರೆಗೆ ಹತ್ತಿಳಿಯುತ್ತಿರುವುದು ಕಂಡರೆ, ಕೆಲಸವಿಲ್ಲದವರ ಆಟವೆಂದು ವಾಚಕರು ನಗದಿರಲಿ. ಮುಂದೆಂದೋ ನಾವೇ ಕೂಗಬಹುದಾದ ಕೂಗಿಗೆ ಅವರು ಇಂದೇ ದಾರಿ ಹುಡುಕುತ್ತಿದ್ದಾರೆ.